ಕರಗುವುದಕ್ಕೆ ಮುಂಚೆ

ಮೊದಲು ಹೆಲ್ಮೆಟ್ ತೆಗೆದು ಮಾತಾಡು, ಲೋರಿಸ್.
ಎಲ್ಲಕ್ಕಿಂತ ಒಳ್ಳೆಯ ಬ್ರೇಕ್ ಪ್ಯಾಡು ಕೊಡು ಅಂದೆಯಲ್ಲ,
ಅಂಥದ್ದು ನನ್ನ ಅಂಗಡಿಯಲ್ಲಿಲ್ಲ, ಬೆರ್ಗಮೋ ಪೇಟೆಯಲ್ಲೂ ಇಲ್ಲ.
ಕಾಲು ಯಾರದು ಅಂತ ಹೇಳದೆ
ಚಪ್ಪಲಿ ಕೇಳುತ್ತಾರೇನು?

ಇಲ್ಲಿ ಬೆರಳಿಡು. ತಾಮ್ರದ ಬಣ್ಣ, ಒರಟು ಮೈ.
ಹನ್ನೊಂದು ವರ್ಷ ಇದನ್ನೇ ಒತ್ತಿದವಳು ನಾನು
ಕಣಿವೆಯ ಕೆಳಗಿನ ಕಾರ್ಖಾನೆಯಲ್ಲಿ.
ತಾಮ್ರದ ಪುಡಿ, ತವರ, ಕಬ್ಬಿಣ, ಒಂದಿಷ್ಟು ಗ್ರಾಫೈಟು;
ಸಂಜೆ ಸೀನಿದರೆ ಕರವಸ್ತ್ರ ಕಂದು.
ಅಚ್ಚಿಗೆ ಸುರಿದು, ಒತ್ತಿ, ಕುಲುಮೆಗೆ ಕಳಿಸುವುದು.
ತಾಮ್ರ ಕರಗಬಾರದು, ಅದೇ ಗುಟ್ಟು.
ಕರಗುವುದಕ್ಕೆ ಒಂದು ಮೆಟ್ಟಿಲು ಮುಂಚೆ
ಕಾಳಿನ ಮೈಗೆ ಕಾಳಿನ ಮೈ ತಾಗಿ
ಸಣ್ಣದೊಂದು ಕುತ್ತಿಗೆ ಮೂಡುತ್ತದೆ ನಡುವೆ.
ಪ್ರತಿ ಕಾಳೂ ತಾನಾಗಿಯೇ ಉಳಿದು
ಪಕ್ಕದ್ದನ್ನು ಬಿಡದೆ ಹಿಡಿದಿರುತ್ತದೆ.
ತವರ ಮಾತ್ರ ನಿಲ್ಲುವುದಿಲ್ಲ, ಅವಸರದ್ದು,
ಮೊದಲೇ ಕರಗಿ ಸಂದಿಗೊಂದಿಗೆ ಹರಿಯುತ್ತದೆ.
ನಾನೂ ನನ್ನ ಗಂಡ ಫೆರ್ಮೋನೂ
ಹೀಗೇ ಕೂಡಿಕೊಂಡಿದ್ದೆವು ಅನ್ನೋಣವೆಂದರೆ
ಅವನು ತವರ.

ಈಗ ಹೇಳು, ಓಡಿಸುವುದೆಲ್ಲಿ?

ಮೊನ್ನೆ ಕ್ಲುಸೋನೆಯಿಂದ ದೆಬೋರಾ ಬಂದಿದ್ದಳು,
ಮೈಯೆಲ್ಲ ಕೆಸರು, ಹಲ್ಲು ಮಾತ್ರ ಬಿಳಿ.
ಮೆತ್ತನೆಯ ಪ್ಯಾಡು ಹಾಕಿಕೊಂಡು ಕಾಡಿನ ರೇಸಿಗೆ ಹೋಗಿದ್ದಾಳೆ,
ಬೆಳಿಗ್ಗೆ ಹೊಸದು, ಮಧ್ಯಾಹ್ನಕ್ಕೆ ಬರಿ ತಗಡು.
ಕೆಸರು ಅಂದರೆ ಮತ್ತೇನು, ನೀರು ಕುಡಿದ ಮರಳುಕಾಗದ.
ಅವಳಿಗೆ ಇದನ್ನೇ ಕೊಟ್ಟೆ,
ಹಳ್ಳ ದಾಟಿದ ಮೇಲೂ ಯೋಚಿಸುತ್ತ ಕೂರದೆ
ಕಚ್ಚುವಂಥದ್ದು.

ತಾರ್ಚೀಸಿಯೋ ಮುದುಕನಿಗೆ ಕೊಡಲಿಲ್ಲ.
ಅವನ ಗಾಡಿ ನನಗಿಂತ ಎರಡೇ ವರ್ಷ ಚಿಕ್ಕದು,
ಡಿಸ್ಕು ಎರಕದ ಕಬ್ಬಿಣದ್ದು.
ಇದು ಅದನ್ನು ಹಿಡಿಯುತ್ತದೆ, ಹಿಡಿಯುತ್ತ ಉಳುತ್ತದೆ;
ಒಂದು ಬೇಸಿಗೆ ಕಳೆದರೆ ಗ್ರಾಮಫೋನ್ ಪ್ಲೇಟಿನ ಹಾಗೆ ಗೆರೆ.
ಬೈದುಕೊಂಡೇ ಹೋದ, ಮೆತ್ತನೆಯದನ್ನು ಜೇಬಿಗಿಟ್ಟುಕೊಂಡು.

ನಿನ್ನ ಕಣ್ಣು ಮೇಲಿನ ಕಪಾಟಿನಲ್ಲಿದೆ. ಗೊತ್ತು.
ಆ ಕಪ್ಪು ಡಬ್ಬಿ ರೇಸಿನವರದು.
ಟ್ರ್ಯಾಕಿನಲ್ಲಿ, ನೇರ ದಾರಿಯ ಕೊನೆಯಲ್ಲಿ,
ಡಿಸ್ಕು ಕೆಂಡವಾಗುವ ಹೊತ್ತಿಗೆ ಅದಕ್ಕೆ ಎಚ್ಚರ.
ತಣ್ಣಗಿದ್ದಾಗ ಮರದ ತುಂಡು,
ಕರೆದರೆ ಓಗೊಡುವುದಿಲ್ಲ.
ನಿನಗಿರುವುದು ಜೋಗ್ನೋದಿಂದ ಬಾಟಲಿ ಫ್ಯಾಕ್ಟರಿಗೆ
ಒಂಬತ್ತು ಕಿಲೋಮೀಟರು, ಆರು ಗಂಟೆಯ ಪಾಳಿ, ನದಿಯ ಮಂಜು.
ಅದು ಕಾಯುವುದರೊಳಗೆ
ನೀನು ಹಾಜರಿ ಹಾಕಿ ಏಪ್ರನ್ ಕಟ್ಟಿರುತ್ತೀ,
ಅಥವಾ ಕಟ್ಟಿರುವುದಿಲ್ಲ.

ಬಾಗಿಲ ಪಕ್ಕದ ಕುರ್ಚಿಯಲ್ಲಿ ಎಜೀದಿಯೋ.
ತಿರುಗಿ ನೋಡಬೇಡ, ಅವನಿಗೆ ಕೇಳಿಸುತ್ತಿದೆ.
ಅವನೂ ಆ ಡಬ್ಬಿಯನ್ನೇ ಕೇಳಿದ್ದ. ಮಾರಿದವಳು ನಾನು.
ರಿಯಾಯಿತಿ ಬೇರೆ ಕೊಟ್ಟಿದ್ದೆ.
ಮರುದಿನ ನಸುಕಿನಲ್ಲಿ ಬೇಕರಿಯ ತಿರುವಿನ ತನಕ ಹೋಗಿದ್ದಾನೆ.
ಹಾಲಿನ ವ್ಯಾನು.
ಗುರುವಾರ ಗುರುವಾರ ಬರುತ್ತಾನೆ, ಕೋಲನ್ನು ಗೋಡೆಗೆ ಒರಗಿಸಿ
ಕೂರುತ್ತಾನೆ, ಏನೂ ಕೊಳ್ಳುವುದಿಲ್ಲ,
ಒಂದು ದಿನವೂ ಒಂದು ಮಾತು ಅಂದವನಲ್ಲ.
ಕಾಫಿಗೆ ಎರಡು ಚಮಚ ಸಕ್ಕರೆ.

ತಗೋ, ನಡುವಿನ ಕಪಾಟಿನದು. ರಸ್ತೆಗೆ ಇದು.
ಮಳೆಗೂ ಸೈ, ಸಾನ್ ಮಾರ್ಕೋ ಘಾಟಿಯ ಇಳಿಜಾರಿಗೂ ಸೈ,
ಮುಂಜಾನೆಯ ಮೊದಲ ತಿರುವಿಗೆ ಎಲ್ಲಕ್ಕಿಂತ ಸೈ.
ಹಾಕಿಸಿಕೊಂಡ ದಿನವೇ ಹಾರಬೇಡ.
ಖಾಲಿ ರಸ್ತೆಯಲ್ಲಿ ಮೆಲ್ಲಗೆ ಹಿಡಿ, ಬಿಡು, ಆರಲು ಬಿಡು,
ಒಂದು ಮೂವತ್ತು ಸಲ.
ಹೊಸದಕ್ಕೂ ಹಳೆಯದಕ್ಕೂ ಪರಿಚಯವಾಗಲಿ.
ಹದ ಬಂದದ್ದು ಬೆರಳಿಗೇ ತಿಳಿಯುತ್ತದೆ,
ಪುಸ್ತಕದಲ್ಲಿ ಬರೆದಿರುವುದಿಲ್ಲ.

ಪರ್ಸು ಒಳಗಿಡು. ದುಡ್ಡು ಇವತ್ತು ಬೇಡ.
ನಾಳೆ, ಪಾಳಿ ಮುಗಿಸಿಕೊಂಡು,
ನೀನೇ ಬಂದು ಕೊಡಬೇಕು.

ಎಜೀದಿಯೋ, ಹುಡುಗನಿಗೆ ಬಾಗಿಲು ತೆಗಿ.