ದಾರಿಗೊಂದು ಕಾಲಂ

ಒಂದು ವಿಸಿಟ್ಟಿಗೆ ಮನೆಯವರು ಕೊಡುವುದು ಒಂಬೈನೂರು.
ಅದರಲ್ಲಿ ಕಂಪನಿಗೆ ಮುನ್ನೂರೈವತ್ತು,
ಉಳಿದದ್ದರಲ್ಲಿ ಹತ್ತನೇ ಒಂದು ಪಾಲು ಟಿಡಿಎಸ್ಸು.
ನನ್ನ ಕೈಗೆ ಬರುವ ಹೊತ್ತಿಗೆ ನಾನೂರ ತೊಂಬತ್ತೈದು.
ಈ ಲೆಕ್ಕವನ್ನು ದಿನಾ ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಮಾಡುತ್ತೇನೆ,
ಗಾಡಿ ಆಫ್ ಮಾಡಿ,
ಅಷ್ಟಾದರೂ ಪೆಟ್ರೋಲು ಉಳಿಯಲಿ ಅಂತ.

ಮತ್ತಿಕೆರೆಯಲ್ಲಿ ಮಂಡಿ, ಬಾಗಲಗುಂಟೆಯಲ್ಲಿ ಭುಜ,
ಹನ್ನೊಂದಕ್ಕೆ ವಿದ್ಯಾರಣ್ಯಪುರದ ಸೊಂಟ.
ಹೆಸರಿಗಿಂತ ಮೊದಲು ಕೀಲುಗಳು ನೆನಪಾಗುತ್ತವೆ, ಕ್ಷಮಿಸಿ.
ಗೇಟಿನ ಹುಡುಗ ಟ್ಯಾಬಿನಲ್ಲಿ ನನ್ನನ್ನು
'ಡೆಲಿವರಿ' ಎಂದು ಒತ್ತಿ ಒಳಗೆ ಬಿಡುತ್ತಾನೆ.
ಫಿಸಿಯೋ ಅನ್ನೋ ಬಟನ್ನೇ ಇಲ್ಲ ಮೇಡಂ.
ಎಂಟನೇ ಮಹಡಿಯಲ್ಲಿ ಬಾಗಿಲು ಅರ್ಧ ತೆರೆಯುತ್ತದೆ:
ಇವತ್ತು ಬೇಡಮ್ಮ, ನೆಂಟರು ಬಂದಿದ್ದಾರೆ.
ಅವರ ನೆಂಟರ ದಿನ ನನಗೆ ಕೂಲಿಯಿಲ್ಲ.

ಮನೆಯಲ್ಲಿ ಹಳೆಯ ಎಕ್ಸ್-ರೇ ಕವರುಗಳಿವೆ.
ಒಂದರಲ್ಲಿ ಬಾಡಿಗೆ, ಒಂದರಲ್ಲಿ ಸರಸಮ್ಮನ ಚೀಟಿ,
ಮಡಿಸಿಟ್ಟ ಚಿಕ್ಕದರಲ್ಲಿ ಸ್ಕೂಟರಿನ ಹಿಂದಿನ ಟೈರು.
ಎಲ್ಲಕ್ಕಿಂತ ದೊಡ್ಡದು ಕಾಯಿಲೆಗೆ ಅಂತ ಇಟ್ಟದ್ದು.
ದುಡ್ಡಿಲ್ಲ ಅದರಲ್ಲಿ.
ಯಾರದೋ ಎದೆಗೂಡು ಇನ್ನೂ ಒಳಗೇ ಇದೆ.

ವಿಮೆಯ ಹುಡುಗಿ ಫೋನಿನಲ್ಲಿ ಕೇಳಿದಳು:
ಮೊದಲೇ ಇರುವ ನೋವು ಏನಾದರೂ?
ಸೊನ್ನೆಯಿಂದ ಹತ್ತರೊಳಗೆ ಎಷ್ಟು ಅಂತ
ಊರಿಗೆಲ್ಲ ಕೇಳುವವಳು ನಾನು.
ಹೆಬ್ಬೆರಳ ಬುಡ ಆರು, ಸೊಂಟ ನಾಲ್ಕು,
ತುಮಕೂರು ರಸ್ತೆಯಲ್ಲಿ ಹಂಪು ಕಾಣದೆ ಹಾರಿದ ದಿನ ಏಳು.
ಇಲ್ಲ, ಅಂದೆ.
ರಾತ್ರಿಯಿಡೀ ಮಗ್ಗುಲು ಬದಲಿಸಿ, ಬೆಳಗ್ಗೆ ನಾನೇ ಫೋನು ಮಾಡಿ
ಇದೆ, ಅಂದೆ.
ಆ ಎರಡು ಜಾಗಕ್ಕೆ ಮೂರು ವರ್ಷ ಕಾಯಬೇಕಂತೆ.
ಉಳಿದ ನನಗೆ ತಿಂಗಳು ಕಳೆದರೆ ಸಾಕು.

ಕೊನೆಯ ಮನೆ ಜಾಲಹಳ್ಳಿ. ಮುದ್ದುವೀರಪ್ಪನವರು,
ಗಡಿಯಾರದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ.
ಕೂದಲಿನಷ್ಟು ತೆಳ್ಳನೆಯ ಸ್ಪ್ರಿಂಗು ಕೂರಿಸಿದ ಬಲಗೈ
ಈಗ ಚಮಚ ಹಿಡಿಯಲು ನನ್ನ ಅಪ್ಪಣೆ ಕಾಯುತ್ತದೆ.
ಎಣಿಸಿ ಸಾರ್. ಒಂದು. ಎರಡು.
ಏಳರಲ್ಲಿ ನಿಲ್ಲಿಸಿ ಕೇಳಿದರು: ನಿಮಗೆ ಪಿಎಫ್ ಹಿಡೀತಾರಾ?
ಇಲ್ಲ. ಇಎಸ್‌ಐ? ಇಲ್ಲ. ಗ್ರಾಚ್ಯುಟಿ?
ನಾನು ಎಂಪ್ಲಾಯಿ ಅಲ್ಲ ಸಾರ್, ಪಾರ್ಟ್‌ನರ್. ಆಪಿನಲ್ಲಿ ಹಾಗಿದೆ.
ಅವರು ನಕ್ಕರು. ನಗು ಎಡಕ್ಕೆ ಮಾತ್ರ ಹೋಯಿತು.
ಪಾರ್ಟ್‌ನರ್ ಅಂದಮೇಲೆ ಲಾಭದಲ್ಲಿ ಪಾಲೆಷ್ಟು?
ಎಂಟು, ಅಂದೆ. ಎಣಿಸಿ.

ಬೆರಳಿಗೆ ಬರವಣಿಗೆ ಮತ್ತೆ ಕಲಿಸಬೇಕಿತ್ತು,
ಮಕ್ಕಳ ಕಾಪಿ ಪುಸ್ತಕ ಕೊಟ್ಟರೆ ಮುಖ ತಿರುಗಿಸುತ್ತಿದ್ದರು.
ಅದಕ್ಕೇ ನನ್ನ ಡೈರಿ ಕೊಟ್ಟೆ.
ಮನೆ, ದುಡ್ಡು, ಪೆಟ್ರೋಲು. ತುಂಬ ಹೊತ್ತು ನೋಡಿದರು.
ದಾರಿ ಎಲ್ಲಿ?
ದಿನಕ್ಕೆ ಮೂರೂವರೆ ಗಂಟೆ ದಾರೀಲೇ ಇರ್ತೀರಿ, ಇದರಲ್ಲಿಲ್ಲ.
ದಾರಿಗೆ ಯಾರೂ ಕೊಡಲ್ಲ ಸಾರ್.
ಕೊಡಲ್ಲ ಅನ್ನೋದನ್ನೂ ಬರೀಬೇಕಮ್ಮ.
ನಮ್ಮಲ್ಲಿ ನಿಂತುಹೋದ ಗಡಿಯಾರಕ್ಕೂ ಒಂದು ನಂಬರಿತ್ತು.

ಪೆನ್ನು ಬಿತ್ತು. ಎತ್ತಿಕೊಟ್ಟೆ. ಬಿತ್ತು.
ಮೂರನೇ ಸಲ ಮೇಲಿಂದ ಕೆಳಗೆ ಒಂದು ಗೆರೆ,
ಪೀಣ್ಯದ ಫ್ಲೈಓವರಿನಂತೆ ಬಾಗಿ, ಪುಟದ ಅಂಚು ದಾಟಿ ಮಂಚದ ಹೊದಿಕೆಗೂ.
ಅದರ ತಲೆಯ ಮೇಲೆ 'ದಾರಿ' ಎಂದು.
ದಾ ಬಂತು. ರಿ ಬರಲಿಲ್ಲ.

ಗಂಗಲಕ್ಷ್ಮಮ್ಮ ಹೊದಿಕೆ ನೋಡಿ ಏನೂ ಅನ್ನದೆ ಕಾಫಿ ಇಟ್ಟರು.
ಗುಮಾಸ್ತನ ಫೀಜು ಎಷ್ಟು ಕೊಡ್ತೀರಿ, ಎಂದರು ಮುದ್ದುವೀರಪ್ಪ.
ಟಿಡಿಎಸ್ ಹಿಡಿದು ಕೊಡ್ತೀನಿ, ಅಂದೆ.

ನಲವತ್ತೈದು ನಿಮಿಷದ ವಿಸಿಟ್ಟು ಅರುವತ್ತೆರಡಾಗಿತ್ತು,
ಆಪು ಆಗಲೇ ಕೆಂಪಾಗಿತ್ತು.
ಆ ಹದಿನೇಳು ನಿಮಿಷವನ್ನು ಯಾವ ಕಾಲಮ್ಮಿಗೆ ಬರೆಯಲಿ?
ಗೊರಗುಂಟೆಪಾಳ್ಯದಲ್ಲಿ ಗಾಡಿ ಆಫ್ ಮಾಡಿ ಯೋಚಿಸುತ್ತಿದ್ದೆ,
ಹಿಂದಿನವನು ಹಾರನ್ ಹೊಡೆದ.