ಎತ್ತಿದ ಕೈ

ಹನ್ನೊಂದರ ಸಂಜೆಯೇ ಬಂದು ಸೇರುತ್ತಿದ್ದರು ಎಲ್ಲರೂ
ಹನ್ನೆರಡನೇ ತಾರೀಖಿನ ಪ್ರಾರ್ಥನೆಗೆ, ತಿಂಗಳು ತಿಂಗಳೂ:
ಹಾಸಿಗೆ ಹೊತ್ತವರು, ಹಾವುಮೀನಿನ ಬುಟ್ಟಿ ಹೊತ್ತವರು,
ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಚಳಿಯನ್ನು ಬೈಯುವ ಮುದುಕಿಯರು.
ಪುಸ್ತಕ ತೆರೆಯುವುದಿಲ್ಲ ನಾವು.
ಕೀರ್ತನೆ, ಪ್ರವಾದಿಗಳ ಮಾತು, ಎಲ್ಲ ಬಾಯಿಪಾಠ.
ಕೊನೆಗೆ ಕೈ ಮೇಲೆ.
ರಿಂಗಾತೂ ಎಂದರೆ ಇಷ್ಟೇ, ಎತ್ತಿದ ಕೈ.

ನನ್ನ ಕೊರೊ, ಅಮ್ಮನ ಅಪ್ಪ, ಹಾಮಿಯೊರಾ,
ಹಾಡಿನಲ್ಲಿ ಎತ್ತಿದ ಕೈಯೇನಲ್ಲ.
ಶ್ರುತಿ ಒಂದು ಕಡೆ, ಅವನೊಂದು ಕಡೆ;
ರೈಹಾ ಅಜ್ಜಿ ಮೊಣಕೈಯಲ್ಲಿ ತಿವಿದು ದಾರಿಗೆ ತರುತ್ತಿದ್ದಳು.
ಆದರೆ ಒಂದು ಸಾಲು ಮರೆತವನಲ್ಲ.
ಮರದ ಮಿಲ್ಲಿನ ರಾತ್ರಿಪಾಳಿಯಲ್ಲಿ
ಗರಗಸ ಕಿರುಚುವಾಗ ತಾನೂ ಕಿರುಚಿ ಕಲಿತದ್ದು.

ಆ ಅಂಗೈಯನ್ನು ನಾನು ಬಲ್ಲೆ.
ಅಡ್ಡಕ್ಕೆ ಬಿಳಿ ಗೆರೆಯೊಂದಿತ್ತು, ಆಯುಷ್ಯದ್ದಲ್ಲ.
ಆರನೇ ವಯಸ್ಸಿನಲ್ಲಿ, ಶಾಲೆಯಲ್ಲಿ,
ನೀರು ಬೇಕೆಂದು ಅವ್ವನ ಮಾತಿನಲ್ಲಿ ಕೇಳಿದ್ದಕ್ಕೆ
ಚರ್ಮದ ಪಟ್ಟಿ ಬರೆದದ್ದು.
"ಮೇಷ್ಟ್ರು ಕೈ ಎತ್ತಿದರು, ನಾನು ಚಾಚಿದೆ" ಎಂದು ನಗುತ್ತಿದ್ದ.
ಮುಂದೆ ಅದೇ ಮೇಷ್ಟ್ರಿಗೆ ಗುಂಡಿ ತೋಡಿದವನೂ ಅವನೇ.
ಯಾಕೆ, ಎಂದೆ.
"ನೆಲ ಗಟ್ಟಿಯಿತ್ತು. ಅವರ ಮಕ್ಕಳಿಗೆ
ಸನಿಕೆ ಹಿಡಿದು ಅಭ್ಯಾಸವಿಲ್ಲ."

ಹಾಮಿಯೊರಾ ಅಂದರೆ ಸಮುವೇಲ.
ಆ ಹುಡುಗನನ್ನು ರಾತ್ರಿ ಹೆಸರು ಹಿಡಿದು ಕೂಗಿದ್ದು ದೇವರು;
ನಮ್ಮ ಮನೆಯಲ್ಲಿ ಫೋನು.
ಯಾರದೋ ತಾಯಿ ಆಸ್ಪತ್ರೆಯಲ್ಲಿ, ಯಾರದೋ ಮಗ ಠಾಣೆಯಲ್ಲಿ,
ಆಕ್ಲೆಂಡಿನಿಂದ ಹೆಣ ಹೊರಟಿದೆ, ಸಭಾಮನೆಯ ದೀಪ ಹಚ್ಚಿಡಿ.
"ಇಗೋ, ಇದ್ದೇನೆ," ಎರಡೇ ಮಾತು.
ಆಮೇಲೆ ಕತ್ತಲಲ್ಲಿ ಗಂಬೂಟು ತಡಕುವ ಸದ್ದು,
ಶಾಲೆಯ ವ್ಯಾನು ಕೆಮ್ಮಿ ಕೆಮ್ಮಿ ಹೊರಡುವ ಸದ್ದು.
ಅಜ್ಜಿ ಗೋಡೆಯ ಕಡೆ ಮಗ್ಗುಲಾಗಿ,
"ಊರಿನ ಕೈ ಹಿಡಿದವನಿಗೆ ಎರಡನೇ ಹೆಂಡತಿ ನಾನು" ಎನ್ನುವಳು;
ಎಂದವಳೇ ಎದ್ದು
ಎರಡು ಬಕೆಟ್ಟು ಆಲೂಗಡ್ಡೆ ಸುಲಿಯಲು ಕೂರುವಳು.

ಒಂದು ತಪ್ಪು, ಅವನೇ ಎಣಿಸಿ ಇಟ್ಟುಕೊಂಡದ್ದು:
ತನ್ನ ಮಕ್ಕಳಿಗೆ ಆ ನುಡಿ ಕೊಡಲಿಲ್ಲ,
ಅವರ ಅಂಗೈ ಮೆತ್ತಗಿರಲಿ ಎಂದು.
ನನಗೆ ಕೊಟ್ಟ. ಕುಮರಾ ಗೆಣಸಿನ ಪಾತಿಯಲ್ಲಿ ಕುಕ್ಕರಗಾಲಲ್ಲಿ ಕೂತು,
ಪದಕ್ಕೊಂದು ಬಳ್ಳಿ ನೆಟ್ಟು.
ಬೇಲಿಯಾಚೆ ಬಟ್ಟೆ ಒಣಹಾಕುವ ಅಮ್ಮ
ಒಂದೇ ಅಂಗಿಯನ್ನು
ಎಷ್ಟು ಹೊತ್ತು ಹಿಂಡುತ್ತಿದ್ದಳು!

ಜುಲೈ. ಮೂರು ರಾತ್ರಿ
ಯಾರೂ ಅವನನ್ನು ಒಂಟಿ ಬಿಡಲಿಲ್ಲ.
ಠಾಣೆಯಿಂದ ಅವನು ಕರೆತಂದ ಹುಡುಗರು, ಈಗ ಬೊಕ್ಕತಲೆಯವರು,
ಅಡುಗೆಮನೆಯಲ್ಲಿ ಮುನ್ನೂರು ತಟ್ಟೆ ತೊಳೆದರು.
ಮೇಷ್ಟ್ರ ಮೊಮ್ಮಗ ಬಂದ;
ಮೂಗಿಗೆ ಮೂಗು ತಾಗಿಸಲು ಬಾರದೆ ಹಣೆಗೆ ಹಣೆ ಗುದ್ದಿಸಿ
ಅಜ್ಜಿಯನ್ನು ನಗಿಸಿದ, ಆ ದಿನ ಅದೊಂದೇ ನಗು.
ಸನಿಕೆಗೆ ಸಾಲು ನಿಂತಿತ್ತು,
ಅವನು ತೋಡುತ್ತಿದ್ದ ಆಳವೆಷ್ಟೆಂದು ಜಗಳ ಬೇರೆ.

ಪ್ರಾರ್ಥನೆ ಮುಗಿದಾಗ
ಒಂದು ಪದವೂ ಬಾರದ ನನ್ನಮ್ಮ
ಎಲ್ಲರಿಗಿಂತ ಮೊದಲು ಕೈ ಎತ್ತಿದಳು.
ಎಲ್ಲರೂ ಇಳಿಸಿದರು.
ಅವಳು ಇಳಿಸಲಿಲ್ಲ.

ಮಸಣದ ಗೇಟಿನಲ್ಲಿ ಕೈ ತೊಳೆದೇ ಹೊರಡಬೇಕು, ನಮ್ಮ ಕಟ್ಟಳೆ.
ಆ ನಲ್ಲಿ ಅವನು ಕೂರಿಸಿದ್ದು,
ಮಿಲ್ಲಿನ ಹಳೇ ಪೈಪು, ಬಾಗಿದ ಮೊಳೆ.
ತೊಳೆದೆ. ತಿರುಗಿಸಿದೆ. ಇನ್ನಷ್ಟು ಬಿಗಿ ತಿರುಗಿಸಿದೆ.
ತೊಟ್ಟಿಕ್ಕುವುದು ನಿಲ್ಲಲಿಲ್ಲ.
ಒಪೊಟಿಕಿಯಿಂದ ಒಂದು ವಾಷರ್ ತರಬೇಕು,
ಹನ್ನೊಂದರ ಸಂಜೆಯೊಳಗೆ.