ಹೇನಿಲ್ಲದ ತೋಳು

ಪರೇಲಿನ ಆ ಕಟ್ಟಡದ ಮೂರನೇ ಮಾಳಿಗೆಯಲ್ಲಿ
ಕಿಟಕಿಯ ಗಾಜಿಗೆಲ್ಲ ಸುಣ್ಣ ಬಳಿದಿದ್ದರು.
ಬೆಳಕು ಬರುತ್ತಿತ್ತು, ಏನೂ ಕಾಣುತ್ತಿರಲಿಲ್ಲ.
ಹತ್ತೊಂಬತ್ತು ವರ್ಷ ನಾನಲ್ಲಿ ಗೂಡು ತೊಳೆದೆ.
ಬೆಳಿಗ್ಗೆ ಆರಕ್ಕೆ ಪೈಪು, ಫಿನಾಯಿಲು,
ಏಳಕ್ಕೆ ನೆನೆಸಿದ ಕಡಲೆ, ಅರ್ಧ ಬಾಳೆಹಣ್ಣು,
ಡಾಕ್ಟರು ಬರುವಷ್ಟರಲ್ಲಿ
ನೆಲ ಒಣಗಿರಬೇಕು.

ಹೆಸರು ಇಡಬಾರದೆಂದು ನಿಯಮ.
ನಿಯಮ ಮುರಿದವನಲ್ಲ ನಾನು.
ಅವಳೆದೆಯ ಮೇಲೆ ಹಚ್ಚೆ ಹೊಯ್ದ ಅಂಕಿ ಎಪ್ಪತ್ತೊಂದು.
ಅದನ್ನೇ, ನಮ್ಮ ಆಳಂದದ ಬಾಯಲ್ಲಿ,
'ಎಪ್ಪತ್ತೊಂದವ್ವಾ' ಎಂದು ಕರೆಯುತ್ತಿದ್ದೆ.
ಅದು ಹೆಸರಾಯಿತೇನೋ, ಗೊತ್ತಿಲ್ಲ.

ಉತ್ತರದಿಂದ ರೈಲಿನಲ್ಲಿ ಬಂದವಳು. ಕೆಂಪು ಮೋರೆ, ಮೋಟು ಬಾಲ.
ಮೊದಲ ವಾರ ನನ್ನ ಕಂಡಾಗಲೆಲ್ಲ ಆಕಳಿಸುತ್ತಿದ್ದಳು.
ನಿದ್ದೆಗೆಟ್ಟಿದ್ದಾಳೆ ಅಂದುಕೊಂಡೆ.
ಹಳಬ ದಗಡೂ ಕಾಂಬಳೆ ನಕ್ಕ:
"ಹಲ್ಲು ತೋರಿಸ್ತಿದಾಳೋ, ದೂರ ನಿಲ್ಲು."
ತುಟಿ ಪಟಪಟ ಬಡಿದರೆ ಮಾತ್ರ ಸ್ನೇಹ ಎಂದು ಕಲಿಸಿದ.
ನಾನೂ ಬಡಿದೆ. ಹೆಂಡತಿ ನೋಡಿದ್ದರೆ
ದೇವರಿಗೆ ಹರಕೆ ಹೊರುತ್ತಿದ್ದಳು.

ಏಳನೇ ತಿಂಗಳು, ಒಂದು ಮಂಗಳವಾರ,
ಬೀಗ ಹಾಕುವಾಗ ಸರಳಿನಿಂದ ಕೈ ಚಾಚಿ
ನನ್ನ ತೋಳು ಹಿಡಿದಳು.
ಕಚ್ಚುತ್ತಾಳೆಂದು ಉಸಿರು ಬಿಗಿಹಿಡಿದೆ.
ಒಂದೊಂದೇ ರೋಮ ಬಿಡಿಸಿ ನೋಡಿದಳು,
ದಫ್ತರು ತಿರುವುವ ಗುಮಾಸ್ತನಂತೆ.
ಹೇನಿರಲಿಲ್ಲ. ಡೆಟಾಲಿನ ವಾಸನೆಯಿತ್ತು.
ಆದರೂ ಏನೋ ಸಿಕ್ಕಂತೆ ಉಗುರಲ್ಲಿ ಹೆಕ್ಕಿ
ಬಾಯಿಗೆ ಹಾಕಿಕೊಂಡಳು.
ಬೆವರಿನ ಉಪ್ಪಿರಬಹುದು.

ಆಮೇಲೆ ದಿನಾ.
ಅವಳದೇ ತೋಳಲ್ಲಿ ಆಗಲೇ ಕೂದಲಿರಲಿಲ್ಲ,
ತಾನೇ ಕಿತ್ತುಕೊಂಡಿದ್ದಳು, ಮೊಣಕೈವರೆಗೆ.

ಸೂಜಿಯ ದಿನ ಹಿಡಿದುಕೊಡುವವನೂ ನಾನೇ.
ಹಿಂದಿನ ತಗಡು ಮುಂದಕ್ಕೆಳೆದರೆ
ಗೂಡು ಕಿರಿದಾಗುತ್ತದೆ, ಪ್ರಾಣಿ ಸರಳಿಗೆ ಒತ್ತುತ್ತದೆ.
ಆ ಹಿಡಿಕೆ ನನ್ನ ಕೈಯಲ್ಲಿ.
ಸಂಜೆ ಅದೇ ಕೈಯನ್ನು ಅವಳು ಹೆಕ್ಕುತ್ತಿದ್ದಳು.
ಇದನ್ನು ಕ್ಷಮೆ ಎನ್ನಲು ನನಗೆ ಧೈರ್ಯವಿಲ್ಲ.
ಬೇರೆ ತೋಳಿರಲಿಲ್ಲ ಅವಳಿಗೆ, ಅಷ್ಟೆ.

"ನಮ್ಮದೂ ಹತ್ತು ಫೂಟಿನ ಖೋಲಿ, ಏನು ಫರಕು?"
ಎನ್ನುತ್ತಿದ್ದ ದಗಡೂ, ಬಸಿಯಲ್ಲಿ ಚಹಾ ಹೀರುತ್ತ.
ಫರಕು ಇತ್ತು.
ನಮ್ಮ ಚಿಲಕ ಒಳಗಡೆ.

ಡಾಕ್ಟರ್ ಖಂಬಾಟಾ ಬಾಯಿ ಕೆಟ್ಟವರಲ್ಲ.
ಒಂದು ಸತ್ತ ದಿನ ಊಟದ ಡಬ್ಬಿ ತೆರೆಯುತ್ತಿರಲಿಲ್ಲ.
ನನ್ನ ತಂಗಿಯ ಮೊಮ್ಮಗಳ ತೋಳ ಮೇಲೆ
ಲಸಿಕೆಯ ಕಲೆಯಿದೆ, ಕಾಸಿನಗಲ.
ಅದು ಕಂಡಾಗ ಯಾರಿಗೆ ಕೈಮುಗಿಯಬೇಕೋ
ತಿಳಿಯದೆ ಸುಮ್ಮನಾಗುತ್ತೇನೆ.

ಕಾನೂನು ಬದಲಾಯಿತು, ಕೆಲಸ ನಿಂತಿತು.
ಉಳಿದ ಹನ್ನೊಂದನ್ನು ಪನವೇಲಿನಾಚೆ ಒಂದು ಬಯಲಿಗೆ ಕಳಿಸಿದರು,
ಸುತ್ತ ಬೇಲಿ, ಒಳಗೆ ಮಣ್ಣು, ಎರಡು ನೇರಳೆ ಮರ.
ಟೆಂಪೋದಲ್ಲಿ ನಾನೂ ಹೋದೆ.
ಬಾಗಿಲು ತೆಗೆದರೆ ಎಪ್ಪತ್ತೊಂದವ್ವ
ಹುಲ್ಲಿಗೆ ಪಾದ ತಾಗಿಸಿ
ಕೆಂಡ ಮುಟ್ಟಿದಂತೆ ಎತ್ತಿಕೊಂಡಳು.
ಬಹಳ ಹೊತ್ತಿನ ಮೇಲೆ ಇಳಿದಳು.
ನಾಲ್ಕು ಹೆಜ್ಜೆ, ತಿರುಗಿದಳು.
ನಾಲ್ಕು ಹೆಜ್ಜೆ, ತಿರುಗಿದಳು.
ಹಣ್ಣು ಅವಳ ಪಕ್ಕದಲ್ಲೇ ಉದುರುತ್ತಿತ್ತು.

ಈಗ ರವಿವಾರ ಕಾನ್ಹೇರಿಗೆ ಹೋಗುತ್ತೇನೆ.
ಇಲ್ಲಿಯವು ಬೇರೆ ಕುಲ: ಉದ್ದ ಬಾಲ,
ಶಾಲೆಗೆ ಹೊರಟವರಂತೆ ನಡುಬೈತಲೆ.
ಹೊಟ್ಟೆಗೆ ಮರಿ ಅಂಟಿಸಿಕೊಂಡು ಗುಹೆಯ ಮೆಟ್ಟಿಲಿಳಿಯುತ್ತವೆ,
ದವಡೆಯ ಚೀಲದಲ್ಲಿ ಯಾರದೋ ಚಿಪ್ಸು.
ಒಬ್ಬಳು ಇನ್ನೊಬ್ಬಳ ಬೆನ್ನು ಹೆಕ್ಕುತ್ತಾಳೆ,
ಮುಗಿದ ಮೇಲೆ ಅವಳು ತಿರುಗಿ ಕೂತು ಇವಳದು.
ಮಧ್ಯಾಹ್ನ ಪೂರ್ತಿ ಇದೇ ಉದ್ಯೋಗ.

"ಹತ್ತಿರ ಹೋಗಬೇಡಿ, ತಿನ್ನಲು ಕೊಡಬೇಡಿ,"
ಕಾವಲಿನ ಹುಡುಗ ಕೂಗುತ್ತಾನೆ. ಸರಿಯೇ ಹೇಳುತ್ತಾನೆ.
ದೂರದ ಕಲ್ಲಿನ ಮೇಲೆ ಕೂತು
ಅಂಗಿಯ ತೋಳು ಮಡಚುತ್ತೇನೆ, ಸೆಖೆಗೆ.
ತುಟಿ ತಾನಾಗಿ ಪಟಪಟ ಅನ್ನುತ್ತದೆ.
ಒಂದು ತಲೆಯೆತ್ತಿ ನೋಡುತ್ತದೆ,
ಮತ್ತೆ ತನ್ನ ಕೆಲಸಕ್ಕೆ.
ಯಾರೂ ಬರುವುದಿಲ್ಲ.
ಒಳ್ಳೆಯದೇ.
ಕೊನೇ ಬಸ್ಸಿನವರೆಗೆ
ತೋಳು ಹಾಗೇ ಬಿಟ್ಟಿರುತ್ತೇನೆ.